ಅಮ್ಮಂಗೆ ಬಿಎನ್‌ಪಿ 310 ಇದ್ದಿದ್ದು ಈಗ 1450 ಬಂದಿದೆ, ಪಲ್ಮನರಿ ಹೈಪರ್‌ಟೆನ್ಶನ್ ಐದು ಪಟ್ಟು ಜಾಸ್ತಿ ಆಯ್ತು ಅಂತನಾ?

ತುಂಗೆ_ಮಗಳು:
ಎಲ್ಲರಿಗೂ ನಮಸ್ಕಾರ. ನಿದ್ದೆ ಬರ್ತಿಲ್ಲ, ಅದಕ್ಕೆ ಈ ಹೊತ್ತಲ್ಲಿ ಬರೀತಿದೀನಿ. ಅಮ್ಮಂಗೆ 58 ವರ್ಷ, ತೀರ್ಥಹಳ್ಳಿ ಹತ್ರ ನಮ್ಮೂರು. ಎರಡು ವರ್ಷದ ಹಿಂದೆ ತೋಟದಿಂದ ಮನೆಗೆ ದಿಬ್ಬ ಹತ್ತಿ ಬರೋವಾಗ ಏದುಸಿರು ಬಂದು ನಡುವೆ ಕೂತ್ಕೊಂಡು ಬಿಡ್ತಿದ್ರು, ಮೊದಲು ಅಸ್ತಮಾ ಅಂದ್ರು, ಆಮೇಲೆ ರಕ್ತ ಕಮ್ಮಿ ಅಂದ್ರು, ಎಂಟು ತಿಂಗಳು ಹಿಂಗೇ ಹೋಯ್ತು, ಕೊನೆಗೆ ಬೆಂಗಳೂರಲ್ಲಿ ಎಕೋ ಮಾಡಿ ಆಮೇಲೆ ಕ್ಯಾಥೆಟರ್ ಹಾಕಿ ನೋಡಿ ಪಲ್ಮನರಿ ಆರ್ಟೀರಿಯಲ್ ಹೈಪರ್‌ಟೆನ್ಶನ್ ಅಂತ ಹೇಳಿದ್ರು. ಶ್ವಾಸಕೋಶದ ನಾಳದ ಸರಾಸರಿ ಒತ್ತಡ 48 ಇತ್ತು. ಕಾರಣ ಏನೂ ಸಿಗ್ಲಿಲ್ಲ, ಇಡಿಯೋಪಥಿಕ್ ಅಂತ ಬರೆದಿದಾರೆ. ಶ್ವಾಸಕೋಶದ ನಾಳ ಸಡಿಲ ಮಾಡೋಕೆ ಟಡಾಲಾಫಿಲ್, ಆಂಬ್ರಿಸೆಂಟಾನ್, ಜೊತೆಗೆ ನೀರಿನ ಮಾತ್ರೆ ನಡೀತಿದೆ.

ಆರು ತಿಂಗಳ ಹಿಂದೆ ರಕ್ತದಲ್ಲಿ ಬಿಎನ್‌ಪಿ 310 ಇತ್ತು. ಈ ಸಲ ಬೆಂಗಳೂರಿಗೆ ಹೋಗೋಕೆ ಆಗ್ಲಿಲ್ಲ ಅಂತ ಶಿವಮೊಗ್ಗದಲ್ಲೇ ರಕ್ತ ಕೊಟ್ವಿ, 1450 ಅಂತ ಬಂದಿದೆ, ಪಕ್ಕದಲ್ಲಿ ಕೆಂಪಕ್ಷರ. ಡಾಕ್ಟರ್ ಅಪಾಯಿಂಟ್‌ಮೆಂಟ್ ಇರೋದು ಇನ್ನು 12 ದಿನಕ್ಕೆ. ಅಮ್ಮ ರಿಪೋರ್ಟ್ ತಗೊಂಡು ಓದಿ, ಬಿಎನ್‌ಪಿ ಅಂದ್ರೆ ಬ್ರೈನ್ ನ್ಯಾಟ್ರಿಯುರೆಟಿಕ್ ಪೆಪ್ಟೈಡ್ ಅಂತೆ, ಅದರಲ್ಲಿ ಬ್ರೈನ್ ಅಂತ ಇರೋದು ನೋಡಿ ನನಗೆ ಮೆದುಳಿಗೂ ಏನೋ ಆಗಿದೆ ನೀವು ಮುಚ್ಚಿಡ್ತಿದೀರಿ ಅಂತ ಅಳ್ತಾ ಕೂತಿದಾರೆ. ಒತ್ತಡ ಐದು ಪಟ್ಟು ಆಗಿದೆಯಾ? ಯಾರಿಗಾದ್ರೂ ಗೊತ್ತಿದ್ರೆ ದಯವಿಟ್ಟು ಹೇಳಿ.

ಟ್ಯೂಬು_ಟೆಸ್ಟು:
ತಂಗಿ, ಮೊದಲು ಎರಡೂ ರಿಪೋರ್ಟ್ ತೆಗೆದು ಟೆಸ್ಟ್ ಹೆಸರು ಪೂರ್ತಿ ಓದಮ್ಮ. ನಾನು ದಾವಣಗೆರೆಯಲ್ಲಿ ಲ್ಯಾಬಲ್ಲಿ 14 ವರ್ಷದಿಂದ ಕೆಲ್ಸ ಮಾಡ್ತಿದೀನಿ. ಒಂದರಲ್ಲಿ ಬರೀ ಬಿಎನ್‌ಪಿ ಅಂತಲೂ ಇನ್ನೊಂದರಲ್ಲಿ ಎನ್‌ಟಿ-ಪ್ರೋಬಿಎನ್‌ಪಿ ಅಂತಲೂ ಇರಬೇಕು ಅನ್ಸುತ್ತೆ. ಇದು ವಾರಕ್ಕೊಂದು ಸಲ ಆದ್ರೂ ನಮ್ಮ ಕೌಂಟರಲ್ಲಿ ಆಗುತ್ತೆ, ಜನ ಎರಡನ್ನೂ ಒಂದೇ ಅಂದ್ಕೊಂಡು ಹೋಲಿಸಿ ಗಾಬರಿ ಆಗ್ತಾರೆ.

ತುಂಗೆ_ಮಗಳು:
ಹೌದು ಅಣ್ಣ! ಹಳೇದರಲ್ಲಿ ಬಿಎನ್‌ಪಿ, ಹೊಸದರಲ್ಲಿ ಎನ್‌ಟಿ-ಪ್ರೋಬಿಎನ್‌ಪಿ ಅಂತ ಇದೆ. ನಾನು ಇಷ್ಟು ದಿನ ಗಮನಿಸೇ ಇರಲಿಲ್ಲ. ಇವೆರಡೂ ಬೇರೆ ಬೇರೆನಾ?

ಟ್ಯೂಬು_ಟೆಸ್ಟು:
ಬೇರೆ. ಹೃದಯದ ಗೋಡೆ ಎಳೆತಕ್ಕೆ ಸಿಕ್ಕಾಗ ಅದರ ಜೀವಕೋಶ ಪ್ರೋಬಿಎನ್‌ಪಿ ಅಂತ ಒಂದು ಉದ್ದದ ಪ್ರೋಟೀನ್ ಮಾಡುತ್ತೆ, 108 ಅಮೈನೋ ಆಸಿಡ್ ಇರೋದು. ಅದು ಎರಡು ತುಂಡಾಗುತ್ತೆ. 32ರ ಚಿಕ್ಕ ತುಂಡು ಬಿಎನ್‌ಪಿ, ಅದೇ ಕೆಲ್ಸ ಮಾಡೋ ಹಾರ್ಮೋನು, ಉಪ್ಪು ನೀರು ಹೊರಗೆ ಹಾಕಿಸುತ್ತೆ, ನಾಳ ಸಡಿಲ ಮಾಡುತ್ತೆ. ಉಳಿದ 76ರ ತುಂಡು ಎನ್‌ಟಿ-ಪ್ರೋಬಿಎನ್‌ಪಿ, ಅದಕ್ಕೆ ಕೆಲ್ಸ ಇಲ್ಲ, ಸುಮ್ನೆ ರಕ್ತದಲ್ಲಿ ಓಡಾಡ್ತಾ ಇರುತ್ತೆ. ಬಿಎನ್‌ಪಿ ಸುಮಾರು 20 ನಿಮಿಷಕ್ಕೆ ಅರ್ಧ ಆಗ್ಬಿಡುತ್ತೆ, ಎನ್‌ಟಿಗೆ ಒಂದೆರಡು ಗಂಟೆ ಬೇಕು, ಅದಕ್ಕೇ ರಕ್ತದಲ್ಲಿ ಅದರ ಅಂಕಿ ಯಾವಾಗ್ಲೂ ದೊಡ್ಡದು. ಒಂದನ್ನ ಇಷ್ಟರಿಂದ ಗುಣಿಸಿದ್ರೆ ಇನ್ನೊಂದು ಬರುತ್ತೆ ಅನ್ನೋ ಲೆಕ್ಕ ಇಲ್ಲ.

ಇನ್ನೊಂದು ಮಾತು, ಬಿಎನ್‌ಪಿಗೆ ನೇರಳೆ ಮುಚ್ಚಳದ ಇಡಿಟಿಎ ಟ್ಯೂಬೇ ಬೇಕು, ಗಾಜಿಂದಲ್ಲ ಪ್ಲಾಸ್ಟಿಕ್ಕಿಂದು, ನಾಲ್ಕು ಗಂಟೆ ಒಳಗೆ ಮಷೀನಿಗೆ ಹಾಕ್ಬೇಕು, ಇಲ್ಲಾಂದ್ರೆ ಕರಗಿ ಕಮ್ಮಿ ತೋರಿಸುತ್ತೆ. ತಾಲೂಕು ಕಡೆ ರಕ್ತ ತೆಗೆದು ಬಸ್ಸಲ್ಲಿ ದೊಡ್ಡ ಊರಿಗೆ ಕಳಿಸೋ ಕಡೆ ಅದು ಆಗದ ಮಾತು. ಎನ್‌ಟಿ ಗಟ್ಟಿ, ಫ್ರಿಜ್ಜಲ್ಲಿ ಒಂದೆರಡು ದಿನ ಇಟ್ರೂ ಏನೂ ಆಗಲ್ಲ, ಅದಕ್ಕೇ ನಮ್ಮ ಕಡೆ ಲ್ಯಾಬೆಲ್ಲ ಅದನ್ನೇ ಮಾಡೋದು.

ಅಮ್ಮಂಗೆ ಹೇಳು, ಬ್ರೈನ್ ಅನ್ನೋ ಹೆಸರು ಬಂದಿದ್ದು 1988ರಲ್ಲಿ ಜಪಾನಿನವರು ಇದನ್ನ ಮೊದಲು ಹಂದಿ ಮೆದುಳಲ್ಲಿ ಕಂಡುಹಿಡಿದಿದ್ದಕ್ಕೆ ಅಷ್ಟೇ. ಇದು ಹೆಚ್ಚಾಗಿ ಬರೋದು ಹೃದಯದಿಂದ ಅಂತ ಆಮೇಲೆ ಗೊತ್ತಾಯ್ತು, ಹೆಸರು ಮಾತ್ರ ಹಂಗೇ ಉಳೀತು. ಅಮ್ಮನ ಮೆದುಳಿಗೆ ಏನೂ ಆಗಿಲ್ಲ.

ಹಾಸನದವ:
ಅಬ್ಬಾ ಸದ್ಯ, ಹಾಗಾದ್ರೆ ಏನೂ ಆಗಿಲ್ಲ ಅಂತ ಆಯ್ತಲ್ಲ ಮೇಡಂ, ಟೆಸ್ಟ್ ಬೇರೆ ಅಷ್ಟೇ, ಆರಾಮಾಗಿ ಮಲಗಿ.

ಬಿಳಿಕೋಟು:
ದಯವಿಟ್ಟು ಹಾಗೆ ಹೇಳ್ಬೇಡಿ ಸರ್. ನಾನು ಹೃದ್ರೋಗ ವಿಭಾಗದಲ್ಲಿ ಕೆಲ್ಸ ಮಾಡೋ ಡಾಕ್ಟರ್, ಪಿಎಚ್ ಅಂದ್ರೆ ಪಲ್ಮನರಿ ಹೈಪರ್‌ಟೆನ್ಶನ್ ಕ್ಲಿನಿಕ್ಕಲ್ಲಿ ಇಂಥ ರೋಗಿಗಳನ್ನ ದಿನಾ ನೋಡ್ತೀನಿ. ಐದು ಪಟ್ಟು ಆಗಿಲ್ಲ ಅನ್ನೋದು ನಿಜ, ಆದ್ರೆ ಏನೂ ಆಗಿಲ್ಲ ಅನ್ನೋದು ಅಲ್ಲ. ಎರಡೂ ಅಂಕಿನ ಅದರದರ ಅಳತೆಗೋಲಲ್ಲಿ ಇಟ್ಟು ನೋಡ್ಬೇಕು. 2022ರ ಯುರೋಪಿಯನ್ ಮಾರ್ಗಸೂಚಿಯಲ್ಲಿ ಚಿಕಿತ್ಸೆ ಶುರು ಆದ ಮೇಲೆ ರೋಗಿಗಳನ್ನ ನಾಲ್ಕು ಮೆಟ್ಟಿಲಲ್ಲಿ ಇಡ್ತಾರೆ, ಮೆಟ್ಟಿಲು ಮೇಲೆ ಹೋದಷ್ಟೂ ಅಪಾಯ ಜಾಸ್ತಿ. ಬಿಎನ್‌ಪಿ 50ಕ್ಕಿಂತ ಕಮ್ಮಿ ಇದ್ರೆ ಮೊದಲ ಮೆಟ್ಟಿಲು, 50ರಿಂದ 199 ಎರಡನೇದು, 200ರಿಂದ 800 ಮೂರನೇದು, 800 ದಾಟಿದ್ರೆ ನಾಲ್ಕನೇದು. ಎನ್‌ಟಿ-ಪ್ರೋಬಿಎನ್‌ಪಿಗೆ 300 ಒಳಗೆ, 300ರಿಂದ 649, 650ರಿಂದ 1100, ಅದರ ಮೇಲೆ. ಈಗ ನೋಡಿ, ಅಮ್ಮನ ಹಳೇ 310 ಮೂರನೇ ಮೆಟ್ಟಿಲು, ಹೊಸ 1450 ನಾಲ್ಕನೇ ಮೆಟ್ಟಿಲು. ಒಂದು ಮೆಟ್ಟಿಲು ಮೇಲೆ ಹೋಗಿದೆ. ಹೆದರಿ ರಾತ್ರಿಯೆಲ್ಲ ಎದ್ದು ಕೂರೋದು ಬೇಡ, ಆದ್ರೆ 12 ದಿನ ಕಾಯೋದೂ ಬೇಡ, ನಾಳೆ ಬೆಳಿಗ್ಗೆ ನಿಮ್ಮ ಡಾಕ್ಟರ್‌ಗೆ ಫೋನ್ ಮಾಡಿ.

ಆಮೇಲೆ ಇವಿಷ್ಟು ಹೇಳಿ. ಕಾಲು ಊತ ಇದೆಯಾ, ತೂಕ ಎಷ್ಟು ಮೊದಲು ಎಷ್ಟಿತ್ತು, ಮಲಗಿದ್ರೆ ಉಸಿರು ಕಟ್ಟುತ್ತಾ, ಯಾವಾಗಾದ್ರೂ ಕಣ್ಣು ಕತ್ತಲೆ ಬಂದು ಬಿದ್ದಿದಾರಾ, ಅದೇ ರಿಪೋರ್ಟಲ್ಲಿ ಕ್ರಿಯಾಟಿನಿನ್, ಸೋಡಿಯಂ, ಬಿಲಿರುಬಿನ್ ಎಷ್ಟಿದೆ. ಬಿದ್ದಿದ್ರೆ ಫೋನ್ ಬೇಡ, ನೇರ ಎಮರ್ಜೆನ್ಸಿಗೆ ಹೋಗಿ.

ತುಂಗೆ_ಮಗಳು:
ಥ್ಯಾಂಕ್ಯೂ ಡಾಕ್ಟ್ರೆ. ತಲೆ ಸುತ್ತಿ ಬಿದ್ದಿಲ್ಲ. ಕಾಲು ಊದಿದೆ, ಒತ್ತಿದ್ರೆ ಗುಳಿ ಬೀಳುತ್ತೆ. ತೂಕ 61 ಇತ್ತು, ಈಗ ನೋಡಿದ್ರೆ 65. ಕ್ರಿಯಾಟಿನಿನ್ 1.3, ಸೋಡಿಯಂ 133, ಬಿಲಿರುಬಿನ್ 1.6, ಯೂರಿಕ್ ಆಸಿಡ್ 8.1.

ಇನ್ನೊಂದು ವಿಷ್ಯ ಈಗ ಅಮ್ಮನ್ನ ಕೂರಿಸ್ಕೊಂಡು ಕೇಳಿದ ಮೇಲೆ ಗೊತ್ತಾಯ್ತು. ಹೋದ ವಾರ ನಮ್ಮ ಚಿಕ್ಕಮ್ಮನ ಮಗಳ ಮದುವೆ ಇತ್ತು ಸಾಗರದಲ್ಲಿ, ಅಮ್ಮ ಅಲ್ಲೇ ಎಂಟು ದಿನ ಇದ್ರು. ದಾರಿಯಲ್ಲಿ, ಛತ್ರದಲ್ಲಿ ಪದೇ ಪದೇ ಬಾತ್‌ರೂಮಿಗೆ ಹೋಗೋದು ಕಷ್ಟ, ಎಲ್ಲರೂ ನೋಡ್ತಾರೆ ಅಂತ ನೀರಿನ ಮಾತ್ರೆ ಅಷ್ಟೂ ದಿನ ತಗೊಂಡೇ ಇಲ್ಲ. ನಮಗೆ ಯಾರಿಗೂ ಹೇಳಿಲ್ಲ. ಮದುವೆ ಮನೆ ಊಟ, ಅಪ್ಪೆಮಿಡಿ ಉಪ್ಪಿನಕಾಯಿ, ಹಪ್ಪಳ ಎಲ್ಲಾ ಆಗಿದೆ. ಬಂದ ಮೇಲೂ ಸರಿಯಾಗಿ ಶುರು ಮಾಡಿಲ್ಲ.

ಬಿಳಿಕೋಟು:
ಅಮ್ಮಂಗೆ ಬೈಬೇಡಿ, ಪ್ಲೀಸ್. ಇದು ನನ್ನ ಹತ್ರ ಬರೋ ಎಷ್ಟೋ ಹೆಣ್ಣುಮಕ್ಕಳ ಕಥೆ. ಬಸ್ ಸ್ಟ್ಯಾಂಡಲ್ಲಿ, ಛತ್ರದಲ್ಲಿ ಸರಿಯಾದ ಶೌಚಾಲಯ ಇಲ್ಲದೆ ಇದ್ರೆ ಅವರು ಬಿಡೋದು ನೀರಿನ ಮಾತ್ರೆನೇ, ಮತ್ತೆ ನೀರು ಕುಡಿಯೋದು. ಪ್ರಯಾಣದ ದಿನ ಅದನ್ನ ಯಾವ ಹೊತ್ತಿಗೆ ತಗೋಬಹುದು ಅಂತ ಡಾಕ್ಟರನ್ನ ಕೇಳಿದ್ರೆ ಹೊತ್ತು ಬದಲಾಯಿಸಿ ಕೊಡ್ತಾರೆ, ಪೂರ್ತಿ ಬಿಡೋ ಅಗತ್ಯ ಬರಲ್ಲ. ಇದನ್ನ ನಾವು ಡಾಕ್ಟರ್‌ಗಳೇ ಮೊದಲ ದಿನ ಹೇಳ್ಬೇಕು, ಹೇಳಲ್ಲ, ಅದು ನಮ್ಮ ತಪ್ಪು.

ಈಗ ಆ ನಾಲ್ಕೈದು ಅಂಕಿ ಒಟ್ಟಿಗೆ ಓದಿದ್ರೆ ಚಿತ್ರ ಕಾಣುತ್ತೆ. ಬಲಗಡೆ ಹೃದಯಕ್ಕೆ ಶ್ವಾಸಕೋಶದ ಕಡೆ ರಕ್ತ ತಳ್ಳೋಕೆ ಕಷ್ಟ ಆಗಿ ಹಿಂದೆ ರಕ್ತ ನಿಲ್ತಿದೆ. ಲಿವರ್ ಕಡೆ ನಿಂತಿದ್ದಕ್ಕೆ ಬಿಲಿರುಬಿನ್ ಏರಿದೆ, ಕಿಡ್ನಿ ಕಡೆ ನಿಂತಿದ್ದಕ್ಕೆ ಕ್ರಿಯಾಟಿನಿನ್, ಮೈಯಲ್ಲಿ ನೀರು ಜಾಸ್ತಿ ಆಗಿ ಸೋಡಿಯಂ ತೆಳು ಆಗಿದೆ. ಈ ಕಾಯಿಲೆಯಲ್ಲಿ ಸೋಡಿಯಂ 136ಕ್ಕಿಂತ ಕೆಳಗೆ ಇಳಿದ್ರೆ ಬಲಹೃದಯ ಸೋಲ್ತಿದೆ ಅನ್ನೋದಕ್ಕೆ ಅದೂ ಒಂದು ಸೂಚನೆ. ಜೊತೆಗೆ ಎನ್‌ಟಿ-ಪ್ರೋಬಿಎನ್‌ಪಿ ಕಿಡ್ನಿ ಮೂಲಕ ಹೊರಗೆ ಹೋಗ್ಬೇಕು, ಕಿಡ್ನಿ ನಿಧಾನ ಆದ್ರೆ ಅದೂ ಸ್ವಲ್ಪ ಏರುತ್ತೆ. ಅಂದ್ರೆ 1450ರಲ್ಲಿ ಎಷ್ಟು ಪಾಲು ನಾಳದ ಕಾಯಿಲೆ ಮುಂದುವರೆದಿದ್ದಕ್ಕೆ, ಎಷ್ಟು ಪಾಲು ಮಾತ್ರೆ ಬಿಟ್ಟು ನೀರು ತುಂಬಿದ್ದಕ್ಕೆ ಅಂತ ಇವತ್ತು ಯಾರೂ ಹೇಳೋಕಾಗಲ್ಲ. ನೀರು ಇಳಿದ ಮೇಲೆ ಮತ್ತೆ ಮಾಡಿಸಿದ್ರೆ ಗೊತ್ತಾಗುತ್ತೆ. ಆದ್ರೆ ನೀವಾಗಿ ಮಾತ್ರೆ ಡಬಲ್ ಮಾಡ್ಬೇಡಿ, ಸೋಡಿಯಂ ಕಮ್ಮಿ ಇದೆ, ಡಾಕ್ಟರ್ ಹೇಳಿದಷ್ಟೇ.

ಹಾಸನದವ:
ಕ್ಷಮಿಸಿ ಮೇಡಂ, ಸಮಾಧಾನ ಮಾಡೋಣ ಅಂತ ಹೇಳಿದ್ದು, ತಪ್ಪಾಯ್ತು. ಡಾಕ್ಟ್ರೆ ನನ್ನದೂ ಒಂದು ಪ್ರಶ್ನೆ ಇದೆ. ನಮ್ಮಪ್ಪಂಗೆ 71, ಮೈಟ್ರಲ್ ವಾಲ್ವ್ ತೊಂದ್ರೆ ಚಿಕ್ಕಂದಿನ ಸಂಧಿವಾತ ಜ್ವರದಿಂದ ಬಂದಿದ್ದಂತೆ, ಹೃದಯದ ಬಡಿತನೂ ಲಯ ತಪ್ಪಿದೆ, ಎಕೋದಲ್ಲಿ ಪಿಎಚ್ ಇದೆ ಅಂತಲೂ ಬರೆದಿದಾರೆ. ಎನ್‌ಟಿ-ಪ್ರೋಬಿಎನ್‌ಪಿ 4200. ನಿಮ್ಮ ಮೆಟ್ಟಿಲಿನ ಪ್ರಕಾರ ನಮ್ಮಪ್ಪ ನಾಲ್ಕನೇದೂ ದಾಟಿ ಎಲ್ಲೋ ಹೋದ್ರು.

ಬಿಳಿಕೋಟು:
ಆ ಮೆಟ್ಟಿಲು ನಿಮ್ಮ ತಂದೆಗೆ ಅನ್ವಯಿಸಲ್ಲ ಸರ್. ಪಿಎಚ್ ಅನ್ನೋದು ಒಂದೇ ಕಾಯಿಲೆ ಅಲ್ಲ, ಐದು ಗುಂಪಿದೆ. ಒಂದನೇ ಗುಂಪು ಶ್ವಾಸಕೋಶದ ಸಣ್ಣ ನಾಳಗಳೇ ದಪ್ಪ ಆಗೋದು, ತುಂಗೆಯವರ ಅಮ್ಮಂದು ಅದು. ಎರಡನೇದು ಎಡಗಡೆ ಹೃದಯದ ತೊಂದ್ರೆಯಿಂದ, ನಿಮ್ಮಪ್ಪಂದು ಅದು. ಮೂರನೇದು ಶ್ವಾಸಕೋಶದ ಕಾಯಿಲೆಯಿಂದ, ನಾಲ್ಕನೇದು ಹಳೇ ರಕ್ತದ ಹೆಪ್ಪುಗಳಿಂದ, ಐದನೇದು ಮಿಕ್ಕಿದ್ದು. ನಾನು ಹೇಳಿದ ಅಂಕಿಗಳು ಒಂದನೇ ಗುಂಪಿನವರನ್ನ ನೋಡಿ ಮಾಡಿದ್ದು. ಎಡಹೃದಯದ ಒತ್ತಡ, ಲಯ ತಪ್ಪಿದ ಬಡಿತ, ವಯಸ್ಸು, ಕಿಡ್ನಿ ಇವೆಲ್ಲ ಎನ್‌ಟಿನ ಏರಿಸುತ್ತೆ. ಉಲ್ಟಾ ತುಂಬಾ ದಪ್ಪ ಇರೋರಲ್ಲಿ ಕಾಯಿಲೆ ಇದ್ರೂ ಅಂಕಿ ಕಮ್ಮಿ ಬರುತ್ತೆ. ನಿಮ್ಮಪ್ಪಂಗೆ ಪ್ರಶ್ನೆ ಇರೋದು ವಾಲ್ವ್‌ಗೆ ಬಲೂನ್ ಮಾಡ್ಬೇಕಾ, ಸರ್ಜರಿ ಮಾಡ್ಬೇಕಾ ಅನ್ನೋದು, ಅದು ಸರಿ ಆದ್ರೆ ಎಷ್ಟೋ ಜನರಲ್ಲಿ ಶ್ವಾಸಕೋಶದ ಒತ್ತಡವೂ ಇಳಿಯುತ್ತೆ. ನಮ್ಮ ದೇಶದಲ್ಲಿ ಈ ಕಾರಣಕ್ಕೆ ಬರೋ ಪಿಎಚ್ ಇನ್ನೂ ಬಹಳ ಇದೆ. ಟಡಾಲಾಫಿಲ್ ಅವರಿಗೆ ಕೊಟ್ಟಿದಾರೆ ಅಂತ ನೋಡಿ ನಿಮ್ಮಪ್ಪಂಗೆ ದಯವಿಟ್ಟು ಕೊಡ್ಬೇಡಿ.

ಉಣಕಲ್_ದಂಡಿ:
ನಮಸ್ಕಾರ್ರಿ ಎಲ್ಲಾರಿಗೂ. ನಾನು ಹುಬ್ಬಳ್ಳಿಯಾಂವ, 34 ವರ್ಷ. ಹುಟ್ಟಿದಾಗಿಂದ ಹೃದಯದಾಗ ತೂತು ಇತ್ತು, ಸಣ್ಣಾಂವ ಇದ್ದಾಗ ಯಾರೂ ಹಿಡೀಲಿಲ್ಲ, ಈಗ ಐಸೆನ್‌ಮೆಂಗರ್ ಆಗೇತಿ ಅಂತಾರ, ಅಂದ್ರ ಆ ತೂತಿಂದ ಶ್ವಾಸಕೋಶದ ಒತ್ತಡ ಏರಿ ಆಕ್ಸಿಜನ್ ಇಲ್ಲದ ರಕ್ತ ಮೈಗೆ ಹೋಗೂದು. ತುಟಿ ಉಗುರು ನೀಲಿ ಇರ್ತಾವ. ಬಿಎನ್‌ಪಿ ಬಗ್ಗೆ ಎಲ್ಲಾರೂ ಮಾತಾಡಾಕತ್ತೀರಿ, ನಾ ಹಿಮೋಗ್ಲೋಬಿನ್ ಬಗ್ಗೆ ಒಂದು ಮಾತು ಹೇಳ್ಬೇಕ್ರಿ, ಯಾಕಂದ್ರ ಇದರಿಂದ ನಾ ಎರಡು ವರ್ಷ ಭಾಳ ಅನುಭವಿಸೀನಿ.

ನನಗ ಹಿಮೋಗ್ಲೋಬಿನ್ 20 ಇತ್ರಿ. ಒಂದು ಸಣ್ಣ ಆಸ್ಪತ್ರ್ಯಾಗ ರಕ್ತ ಭಾಳ ದಪ್ಪ ಆಗೇತಿ ಅಂತ ಹೇಳಿ ಎರಡು ತಿಂಗಳಿಗೊಮ್ಮೆ ಒಂದು ಬಾಟ್ಲಿ ರಕ್ತ ತಗೀತಿದ್ರು. ತಗದ ದಿನ ಹಗುರ ಅನಿಸ್ತಿತ್ತು, ಆದ್ರ ತಿಂಗಳ ತಿಂಗಳಕ್ಕ ದಮ್ಮು ಜಾಸ್ತಿ ಆತು, ಮೊದಲು ಮಾರ್ಕೆಟ್ ತನಕ ನಡೀತಿದ್ದೆ, ಆಮ್ಯಾಗ ಓಣಿ ದಾಟೂದೂ ಆಗ್ಲಿಲ್ಲ. ಅಂಕಿ ಇಳೀತು ಅಂತ ಅವರು ಖುಷಿ ಪಡ್ತಿದ್ರು, ನಾನೂ ಖುಷಿ ಪಡ್ತಿದ್ದೆ. ಕಡೀಕ ಬೆಂಗಳೂರಿನ ಹೃದಯದ ಡಾಕ್ಟರು ನೋಡಿ ಫೆರಿಟಿನ್, ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್ ಮಾಡ್ಸಿದ್ರು, ಮೈಯಾಗ ಕಬ್ಬಿಣಾಂಶನ ಇಲ್ಲ. ನಿಮ್ಮ ಮೈಗೆ ಆಕ್ಸಿಜನ್ ಕಮ್ಮಿ ಐತಿ ಅಂತ ಅದು ತಾನಾಗೇ ರಕ್ತ ಜಾಸ್ತಿ ಮಾಡ್ಕೊಂಡೈತಿ, ಅದು ನಿಮಗ ಬೇಕಾಗಿದ್ದು, ನೀವು ಅದನ್ನ ತಗಸಿ ಚೆಲ್ಲೀರಿ ಅಂದ್ರು. ರಕ್ತ ತಗಿಯೂದು ಬಂದ್ ಮಾಡಿ, ಸಾವಕಾಶ ಕಬ್ಬಿಣ ಕೊಟ್ರು. ನಾಕು ತಿಂಗಳದಾಗ ಮತ್ತ ನಡಿಯಾಕತ್ತೀನ್ರಿ. ಬಿಎನ್‌ಪಿ ಆಗ ಹೆಚ್ಚೇನೂ ಬದಲಾಗಿರಲಿಲ್ಲ. ತೀವ್ರತೆ ಬರೇ ಒಂದ ಟೆಸ್ಟಿನ್ಯಾಗ ಹುಡುಕಬ್ಯಾಡ್ರಿ ಅಂತ ಅದಕ್ಕ ಹೇಳೂದು.

ಬಿಳಿಕೋಟು:
ನೀವು ಬರೆದಿದ್ದು ಬಹಳ ಒಳ್ಳೇದಾಯ್ತು. ಐಸೆನ್‌ಮೆಂಗರ್‌ನಲ್ಲಿ ತಲೆನೋವು, ಕಣ್ಣು ಮಂಜು, ತಲೆ ಭಾರ ಇಂಥ ರಕ್ತ ದಪ್ಪ ಆದ ಲಕ್ಷಣ ಜೋರಾಗಿ ಇದ್ದಾಗ ಮಾತ್ರ, ಅದೂ ತೆಗೆದಷ್ಟೇ ದ್ರವ ಕೊಟ್ಟು, ಅಪರೂಪಕ್ಕೆ ರಕ್ತ ತೆಗೀಬಹುದು. ಕ್ಯಾಲೆಂಡರ್ ನೋಡಿ ತೆಗೆಯೋದಲ್ಲ. ಕಬ್ಬಿಣಾಂಶದ ಕೊರತೆ ಇಡಿಯೋಪಥಿಕ್ ಇರೋರಲ್ಲೂ ಸಾಮಾನ್ಯ, ಹಿಮೋಗ್ಲೋಬಿನ್ ನಾರ್ಮಲ್ ಇದ್ದಾಗಲೂ ಇರಬಹುದು. ತುಂಗೆಯವರೆ, ಅಮ್ಮಂಗೂ ಒಂದ್ಸಲ ಮಾಡ್ಸಿ.

ಕಡಲ_ಬದಿ:
ನಾನು ಉಡುಪಿ ಕಡೆಯವ. ನನ್ನ ಹೆಂಡತಿಗೆ ಸ್ಕ್ಲೆರೋಡರ್ಮಾ ಉಂಟು, ಚಳಿಗೆ ಬೆರಳು ಬಿಳಿ ಆಗಿ ಮತ್ತೆ ನೀಲಿ ಆಗುವುದು, ಚರ್ಮ ಗಟ್ಟಿ ಆಗುವುದು ಎಲ್ಲ ಒಂಬತ್ತು ವರ್ಷದಿಂದ ಉಂಟು. ನಮ್ಮ ರುಮಟಾಲಜಿಸ್ಟ್ ಅವಳಿಗೆ ಏದುಸಿರು ಇಲ್ಲದೆ ಇರುವಾಗಲೇ ವರ್ಷಕ್ಕೊಮ್ಮೆ ಎನ್‌ಟಿ-ಪ್ರೋಬಿಎನ್‌ಪಿ ಬರೆದು ಕೊಡ್ತಾರೆ, ಯೂರಿಕ್ ಆಸಿಡ್ ಸಹ ಅದಕ್ಕೇ ನೋಡುವುದು ಅಂತ ಹೇಳಿದ್ರು. ಗಂಟು ನೋವಿಗೆ ನೋಡುವ ಟೆಸ್ಟ್ ಅಲ್ವಾ ಅದು? ತುಂಗೆ ಅವರ ಅಮ್ಮಂಗೆ 8.1 ಉಂಟಲ್ಲ, ಅದು ಗೌಟಾ?

ಬಿಳಿಕೋಟು:
ನಿಮ್ಮ ರುಮಟಾಲಜಿಸ್ಟ್ ಸರಿಯಾದ ಕೆಲ್ಸ ಮಾಡ್ತಿದಾರೆ ಸರ್. ಸ್ಕ್ಲೆರೋಡರ್ಮಾ ಇರೋರಿಗೆ ಪಿಎಚ್ ಬರೋ ಅಪಾಯ ಜಾಸ್ತಿ, ಅದನ್ನ ಮೊದಲೇ ಹಿಡಿಯೋಕೆ ಡಿಟೆಕ್ಟ್ ಅಂತ ಒಂದು ಲೆಕ್ಕಾಚಾರ ಇದೆ. ಅದರಲ್ಲಿ ರಕ್ತದಿಂದ ಮೂರು ವಿಷ್ಯ ತಗೋತಾರೆ, ಎನ್‌ಟಿ-ಪ್ರೋಬಿಎನ್‌ಪಿ, ಯೂರಿಕ್ ಆಸಿಡ್, ಆಂಟಿಸೆಂಟ್ರೋಮಿಯರ್ ಆಂಟಿಬಾಡಿ. ಜೊತೆಗೆ ಶ್ವಾಸಕೋಶದ ಟೆಸ್ಟು, ಇಸಿಜಿ, ಚರ್ಮದ ಮೇಲಿನ ಕೆಂಪು ನಾಳದ ಚುಕ್ಕಿ. ಇವನ್ನ ಕೂಡಿಸಿ ಎಕೋ ಬೇಕಾ, ಆಮೇಲೆ ಕ್ಯಾಥ್ ಬೇಕಾ ಅಂತ ನಿರ್ಧಾರ.

ಯೂರಿಕ್ ಆಸಿಡ್ ಏರೋದು ಮೈಯ ಅಂಗಾಂಶಕ್ಕೆ ಆಕ್ಸಿಜನ್ ಸರಿಯಾಗಿ ತಲುಪದೆ ಇದ್ದಾಗ, ಕಿಡ್ನಿ ಹೊರಗೆ ಹಾಕದೆ ಇದ್ದಾಗ. ಈ ಕಾಯಿಲೆ ಜೋರಾದಷ್ಟೂ ಅದು ಏರೋದನ್ನ 1990ರ ದಶಕದಲ್ಲೇ ಗಮನಿಸಿದ್ರು. ನೀರಿನ ಮಾತ್ರೆನೂ ಅದನ್ನ ಏರಿಸುತ್ತೆ, ಹಾಗಾಗಿ ಒಂಟಿಯಾಗಿ ನಂಬೋಕಾಗಲ್ಲ. ಕಾಲ್ಬೆರಳು ಊದಿ ಕೆಂಪಾಗಿ ನೋಯೋದೆಲ್ಲ ಇಲ್ಲಾಂದ್ರೆ ಗೌಟ್ ಮಾತ್ರೆ ಬೇಡ.

ಆಕ್ಲೆಂಡ್_ಕನ್ನಡಿಗ:
ಈ ಥ್ರೆಡ್ ಓದ್ತಾ ನಮ್ಮನೆ ಘಟನೆ ನೆನಪಾಯ್ತು. ನನ್ನ ಹೆಂಡತಿಗೆ ಕಾಲಿನ ನಾಳದಲ್ಲಿ ಹೆಪ್ಪುಗಟ್ಟಿ ಅದು ಶ್ವಾಸಕೋಶಕ್ಕೆ ಹೋಗಿ, ರಕ್ತ ತೆಳು ಮಾಡೋ ಮಾತ್ರೆ ತಗೊಂಡ್ರೂ ಪೂರ್ತಿ ಕರಗದೆ ಪಿಎಚ್ ಆಗಿದೆ. ಎನ್‌ಟಿ-ಪ್ರೋಬಿಎನ್‌ಪಿ 62 ಬಂತು. ಮೈಸೂರಲ್ಲಿರೋ ನಮ್ಮ ಮಾವನವರಿಗೆ ಫೋಟೋ ಕಳಿಸಿದ್ವಿ, ಅವರು ಪರಿಚಯದ ಡಾಕ್ಟರಿಗೆ ಫೋನಲ್ಲಿ ಅಂಕಿ ಮಾತ್ರ ಹೇಳಿದಾರೆ, ಅವರು 62 ಅಂದ್ರೆ ಪೂರ್ತಿ ನಾರ್ಮಲ್, ಯಾಕೆ ಚಿಂತೆ ಅಂದ್ರಂತೆ. ಮನೆಯವರೆಲ್ಲ ದೇವಸ್ಥಾನಕ್ಕೆ ಹೋಗಿ ಅರ್ಚನೆ ಮಾಡಿಸಿದ್ರು. ಆಮೇಲೆ ಇಲ್ಲಿನ ನರ್ಸ್ ಹೇಳಿದ್ದು, ನ್ಯೂಜಿಲೆಂಡಲ್ಲಿ ಇದನ್ನ ಪಿಕೋಮೋಲ್‌ನಲ್ಲಿ ಕೊಡೋದು, ಭಾರತದಲ್ಲಿ ಪಿಕೋಗ್ರಾಂನಲ್ಲಿ. 8.457ರಿಂದ ಗುಣಿಸ್ಬೇಕು. 62 ಅಂದ್ರೆ 524 ಆಯ್ತು! ಊರಿಗೆ ಫೋನ್ ಮಾಡಿ ಮತ್ತೆ ಹೇಳೋದು ಎಷ್ಟು ಕಷ್ಟ ಆಯ್ತು ಅಂತ ನನಗೇ ಗೊತ್ತು. ವಿದೇಶದಲ್ಲಿ ಇರೋರು ಅಂಕಿ ಜೊತೆ ಯೂನಿಟ್ಟೂ ಕಳಿಸಿ.

ಟ್ಯೂಬು_ಟೆಸ್ಟು:
ಇದು ಎಲ್ಲರಿಗೂ ತಿಳೀಬೇಕಾದ ಮಾತು ಸರ್. ನಮ್ಮಲ್ಲಿ ಪಿಕೋಗ್ರಾಂ ಪರ್ ಎಂಎಲ್ ಅಂತ ಇದ್ರೂ, ನ್ಯಾನೋಗ್ರಾಂ ಪರ್ ಲೀಟರ್ ಅಂತ ಇದ್ರೂ ಅದು ಒಂದೇ, ಅಂಕಿ ಬದಲಾಗಲ್ಲ. ಪಿಕೋಮೋಲ್ ಮಾತ್ರ ಬೇರೆ.

ಕೂದಲಿಗೆ ಉಗುರಿಗೆ ಅಂತ ಬಯೋಟಿನ್ ಮಾತ್ರೆ ತಗೊಳ್ಳೋರು ರಕ್ತ ಕೊಡೋವಾಗ ದಯವಿಟ್ಟು ಹೇಳಿ. ಕೆಲವು ಕಿಟ್‌ಗಳಲ್ಲಿ ಬಯೋಟಿನ್ ಜಾಸ್ತಿ ಇದ್ರೆ ಎನ್‌ಟಿ-ಪ್ರೋಬಿಎನ್‌ಪಿ ಸುಳ್ಳಾಗಿ ಕಮ್ಮಿ ತೋರಿಸುತ್ತೆ. ಮತ್ತೆ ಹಾಸನದ ಸರ್, ನಿಮ್ಮಪ್ಪಂಗೆ ಮುಂದೆ ಯಾವಾಗಾದ್ರೂ ಸ್ಯಾಕುಬಿಟ್ರಿಲ್ ಇರೋ ಮಾತ್ರೆ ಬರೆದ್ರೆ ಬಿಎನ್‌ಪಿ ಮಾಡಿಸ್ಬೇಡಿ, ಆ ಮಾತ್ರೆ ಬಿಎನ್‌ಪಿ ಕರಗೋದನ್ನೇ ತಡೆಯುತ್ತೆ, ಎನ್‌ಟಿನೇ ಮಾಡ್ಸಿ.

ಬಿಳಿಕೋಟು:
ಆಕ್ಲೆಂಡ್‌ನವರೆ, ನಿಮ್ಮ ಮನೆಯವರದ್ದು ನಾಲ್ಕನೇ ಗುಂಪು. ಒಂದು ವಿಷ್ಯ ನಾನು ಎಲ್ಲರಿಗೂ ಒತ್ತಿ ಹೇಳ್ತೀನಿ. ಪಿಎಚ್ ಅಂದ ಮೇಲೆ ಒಂದ್ಸಲ ವಿಕ್ಯೂ ಸ್ಕ್ಯಾನ್ ಆಗಿರಲೇಬೇಕು, ಹಳೇ ಹೆಪ್ಪು ಇದೆಯಾ ಅಂತ ನೋಡೋಕೆ. ಯಾಕಂದ್ರೆ ನಾಳದಿಂದ ಆ ಹೆಪ್ಪನ್ನ ಸಿಪ್ಪೆ ಥರ ಬಿಡಿಸಿ ತೆಗೆಯೋ ಸರ್ಜರಿ ಇದೆ, ಬೆಂಗಳೂರಲ್ಲೂ ಮಾಡ್ತಾರೆ, ಸರಿ ಹೊಂದೋರಿಗೆ ಕಾಯಿಲೆ ಬುಡದಿಂದಲೇ ಹೋಗೋ ಸಾಧ್ಯತೆ ಇರೋದು ಈ ಗುಂಪಲ್ಲಿ. ಯಾವ ರಕ್ತದ ಟೆಸ್ಟೂ ಇದು ಒಂದನೇ ಗುಂಪು ಇದು ನಾಲ್ಕನೇ ಗುಂಪು ಅಂತ ಹೇಳಲ್ಲ. ತುಂಗೆಯವರೆ, ಅಮ್ಮಂಗೆ ಆಗಿದೆಯಾ ಫೈಲಲ್ಲಿ ನೋಡಿ.

ಗಂಗೆ_ಕೋಲಾರ:
ಮಧ್ಯೆ ಬರ್ತಿದೀನಿ ಕ್ಷಮಿಸಿ. ನನಗೂ ಮೆಟ್ಟಿಲು ಹತ್ತಿದ್ರೆ ಸುಸ್ತು. ಹೆಲ್ತ್ ಪ್ಯಾಕೇಜಲ್ಲಿ ಎನ್‌ಟಿ-ಪ್ರೋಬಿಎನ್‌ಪಿ 70 ಬಂದಿದೆ, ಹಾಗಾದ್ರೆ ಪಿಎಚ್ ಇಲ್ಲ ಅಂತ ನಿಶ್ಚಿಂತೆಯಿಂದ ಇರಬಹುದಾ?

ಬಿಳಿಕೋಟು:
ಇರೋಕಾಗಲ್ಲಮ್ಮ. ಈ ಟೆಸ್ಟ್ ಅಳೆಯೋದು ಶ್ವಾಸಕೋಶದ ನಾಳದ ಒತ್ತಡನ ಅಲ್ಲ, ಆ ಒತ್ತಡದ ಎದುರು ಹೃದಯದ ಗೋಡೆ ಎಷ್ಟು ಎಳೆಸ್ಕೊಳ್ತಿದೆ ಅನ್ನೋದನ್ನ. ಕಾಯಿಲೆ ಶುರುವಲ್ಲಿ ಹೃದಯ ಗಟ್ಟಿಯಾಗಿ ತಡ್ಕೊಂಡಿರುತ್ತೆ, ಅಂಕಿ ನಾರ್ಮಲ್ ಇರಬಹುದು. ಸುಸ್ತು ಹೋಗದೆ ಇದ್ರೆ ಮೊದಲು ಹಿಮೋಗ್ಲೋಬಿನ್, ಥೈರಾಯ್ಡ್ ನೋಡ್ಸಿ, ಆಮೇಲೆ ಎಕೋ. ಪಿಎಚ್ ಹೌದಾ ಅಲ್ವಾ ಅಂತ ಕೊನೇ ಮಾತು ಹೇಳೋದು ಬಲಹೃದಯದ ಕ್ಯಾಥೆಟರ್ ಟೆಸ್ಟು, ಸರಾಸರಿ ಒತ್ತಡ 20 ದಾಟಿದೆಯಾ ಅಂತ. ಮೊದಲು 25 ಅಂತ ಇತ್ತು, ಈಗ ಇಳಿಸಿದಾರೆ.

ಇದಕ್ಕೆ ಸೇರಿದ ಇನ್ನೊಂದು ಅಪಾಯದ ವಿಷ್ಯ. ಎಷ್ಟೋ ಮನೆಯವರು ಎಕೋ ರಿಪೋರ್ಟಲ್ಲಿ ಒತ್ತಡ 85 ಇದ್ದಿದ್ದು 65 ಆಯ್ತು ಅಂತ ಸಂತೋಷ ಪಡ್ತಾರೆ. ಎನ್‌ಟಿನೂ ಜೊತೆಗೆ ಇಳಿದಿದ್ರೆ ಸಂತೋಷನೇ. ಒತ್ತಡ ಇಳಿದು ಎನ್‌ಟಿ ಏರಿದ್ರೆ ಹೃದಯಕ್ಕೆ ಒತ್ತಡ ಹುಟ್ಟಿಸೋ ಶಕ್ತಿನೇ ಕಮ್ಮಿ ಆಗ್ತಿದೆ ಅಂತ ಅರ್ಥ ಇರಬಹುದು. ಆಗ ಕಾಯದೆ ಡಾಕ್ಟರ್ ಹತ್ರ ಹೋಗ್ಬೇಕು. ನಾನು ಈ ರಕ್ತದ ಟೆಸ್ಟ್‌ಗೆ ಇಷ್ಟು ಬೆಲೆ ಕೊಡೋದು ಇದೇ ಕಾರಣಕ್ಕೆ. 2000ದಲ್ಲೇ ಜಪಾನಿನ ಡಾಕ್ಟರ್‌ಗಳು 60 ರೋಗಿಗಳನ್ನ ಹಿಂಬಾಲಿಸಿ ನೋಡಿದ್ರು, ಮೊದಲ ಬಿಎನ್‌ಪಿ 150 ದಾಟಿದೋರು ಕಮ್ಮಿ ದಿನ ಬದುಕಿದ್ರು, ಚಿಕಿತ್ಸೆ ಕೊಟ್ಟ ಮೇಲೆ ಬಂದ ಎರಡನೇ ಅಂಕಿಯೂ ಅವರ ಮುಂದಿನ ದಿನಗಳ ಬಗ್ಗೆ ಹೇಳ್ತು. ಆಗ ಇದ್ದಷ್ಟು ಔಷಧಿ ಬೇರೆ, ಈಗ ಬೇರೆ, ಆ ಅಂಕಿನ ಇವತ್ತು ಯಾರೂ ತಮ್ಮ ಮೇಲೆ ಹಾಕ್ಕೊಂಡು ಹೆದರಬಾರದು. ಒಂದು ದಿನದ ಅಂಕಿಗಿಂತ ಅದು ಯಾವ ಕಡೆ ಹೋಗ್ತಿದೆ ಅನ್ನೋದು ಮುಖ್ಯ. ಅದಕ್ಕೇ ಅದೇ ಟೆಸ್ಟು, ಅದೇ ಲ್ಯಾಬು. ನೂರಕ್ಕೆ 25-30ರಷ್ಟು ಏರಿಳಿತ ಏನೂ ಆಗದೆಯೂ ಬರುತ್ತೆ, 500 ಇದ್ದಿದ್ದು 580 ಆಯ್ತು ಅಂತ ಊಟ ಬಿಡ್ಬೇಡಿ.

ತುಂಗೆ_ಮಗಳು:
ಎಲ್ಲರಿಗೂ ಮತ್ತೆ ನಮಸ್ಕಾರ, ಮೂರು ವಾರ ಆಯ್ತು, ಬರೆಯೋಕೆ ಆಗಿರಲಿಲ್ಲ. ಅವತ್ತು ಬೆಳಿಗ್ಗೆನೇ ಡಾಕ್ಟರ್‌ಗೆ ಫೋನ್ ಮಾಡಿದ್ವಿ, ಅವರು ಬರೋಕೆ ಹೇಳಿದ್ರು, ನಾಲ್ಕು ದಿನ ಅಡ್ಮಿಟ್ ಮಾಡ್ಕೊಂಡು ಇಂಜೆಕ್ಷನ್ ಮೂಲಕ ನೀರು ಇಳಿಸಿದ್ರು. ತೂಕ 61ಕ್ಕೆ ಬಂದಿದೆ. ನಿನ್ನೆ ಅದೇ ಶಿವಮೊಗ್ಗದ ಲ್ಯಾಬಲ್ಲೇ ಎನ್‌ಟಿ-ಪ್ರೋಬಿಎನ್‌ಪಿ ಮಾಡ್ಸಿದ್ವಿ, 980. ಸೋಡಿಯಂ 137, ಕ್ರಿಯಾಟಿನಿನ್ 1.1, ಬಿಲಿರುಬಿನ್ ನಾರ್ಮಲ್. ಫೆರಿಟಿನ್ ನಿಜವಾಗ್ಲೂ ಕಮ್ಮಿ ಇತ್ತು, ಕಬ್ಬಿಣದ ಡ್ರಿಪ್ ಒಂದು ಕೊಟ್ಟಿದಾರೆ. ವಿಕ್ಯೂ ಸ್ಕ್ಯಾನ್ ಕಾಯಿಲೆ ಗೊತ್ತಾದಾಗಲೇ ಆಗಿದೆ, ಹೆಪ್ಪಿಲ್ಲ ಅಂತ ಇದೆ.

ಆರು ನಿಮಿಷದ ನಡಿಗೆ ಮಾತ್ರ 310 ಮೀಟರ್, ಮೊದಲು 365 ಇತ್ತು. ಸ್ನಾನ ಮಾಡಿ ಬಟ್ಟೆ ಹಾಕ್ಕೊಳ್ಳೋಕೂ ಸುಸ್ತಾಗುತ್ತೆ ಅಂತಾರೆ. ಇದಕ್ಕೇನು ಅರ್ಥ ಡಾಕ್ಟ್ರೆ?

ಬಿಳಿಕೋಟು:
980ಕ್ಕೆ ಇಳಿದಿದ್ದು ಒಳ್ಳೇ ಸುದ್ದಿ, ನೀರಿನ ಪಾಲು ಎಷ್ಟಿತ್ತು ಅಂತ ಈಗ ಗೊತ್ತಾಯ್ತು. ಆದ್ರೆ ನಿಮ್ಮ ಹತ್ರ ಮುಚ್ಚಿಡಲ್ಲ. ನಾಲ್ಕು ಮೆಟ್ಟಿಲ ಲೆಕ್ಕದಲ್ಲಿ ಮೂರು ವಿಷ್ಯ ನೋಡ್ತೀವಿ, ದಿನನಿತ್ಯದ ಕೆಲ್ಸದಲ್ಲಿ ಎಷ್ಟು ಸುಸ್ತು, ಆರು ನಿಮಿಷದಲ್ಲಿ ಎಷ್ಟು ನಡಿಗೆ, ರಕ್ತದ ಅಂಕಿ. ನಡಿಗೆ 320ಕ್ಕಿಂತ ಕಮ್ಮಿ ಅಂದ್ರೆ ಮೂರನೇ ಮೆಟ್ಟಿಲು, ಸಣ್ಣ ಕೆಲ್ಸಕ್ಕೆ ಸುಸ್ತು ಅಂದ್ರೆ ಮೂರು, 980 ಅಂದ್ರೆ ಮೂರು. ಕೂಡಿಸಿ ಮೂರರಿಂದ ಭಾಗಿಸಿದ್ರೂ ಮೂರೇ. ನೀರು ಇಳಿದ ಮೇಲೂ ಮೂರನೇ ಮೆಟ್ಟಿಲಲ್ಲಿ ಇದಾರೆ ಅಂದ್ರೆ ಎರಡು ಔಷಧಿ ಸಾಕಾಗ್ತಿಲ್ಲ. ಈ ಹಂತದಲ್ಲಿ ಮೂರನೇ ದಾರಿಯ ಔಷಧಿ, ಪ್ರೋಸ್ಟಾಸೈಕ್ಲಿನ್ ಕಡೆಯದ್ದು, ಸೇರಿಸೋ ಬಗ್ಗೆ ಮಾತಾಡೋದು. ನಿಮ್ಮ ಡಾಕ್ಟರ್ ಏನಂದ್ರು?

ತುಂಗೆ_ಮಗಳು:
ಅದನ್ನೇ ಹೇಳಿದ್ರು. ಸೆಲೆಕ್ಸಿಪ್ಯಾಗ್ ಸಣ್ಣ ಡೋಸಿಂದ ಶುರು ಮಾಡಿ ವಾರ ವಾರ ಏರಿಸೋದು ಅಂತ, ದವಡೆ ನೋವು, ತಲೆನೋವು, ಭೇದಿ ಆಗಬಹುದು ತಡ್ಕೋಬೇಕು ಅಂತ. ಖರ್ಚಿನ ಬಗ್ಗೆ ಅಪ್ಪ ಅಣ್ಣ ಕೂತು ಮಾತಾಡ್ತಿದಾರೆ, ಅಡಿಕೆ ಬಂದ ಮೇಲೆ ನೋಡೋಣ ಅಂತ ಅಪ್ಪ ಅಂದ್ರು, ನಾನು ಅಲ್ಲಿವರೆಗೆ ಕಾಯೋಕಾಗಲ್ಲ ಅಂತ ಜಗಳ ಆಡಿದೀನಿ. ನೀವು ಮೆಟ್ಟಿಲಿನ ಥರ ಹೇಳಿದ್ದನ್ನ ಹಾಳೆಯಲ್ಲಿ ಬರೆದು ಅಪ್ಪಂಗೆ ತೋರಿಸಿದೆ, ಆಮೇಲೆ ಸುಮ್ಮನಾದ್ರು. ಸೋಮವಾರ ಶುರು ಮಾಡ್ತೀವಿ.

ಉಣಕಲ್_ದಂಡಿ:
ತಂಗೀ, ನಾನೂ ಆ ಗುಳಿಗಿ ಶುರು ಮಾಡಿದಾಗ ಮೊದಲ ಮೂರು ವಾರ ಭಾಳ ತ್ರಾಸ ಆಗಿತ್ತು. ಊಟದ ಜೊತಿ ತಗೊಂಡ್ರ ಸ್ವಲ್ಪ ಚಲೋ. ಅಮ್ಮಗ ಮೊದಲ ಹೇಳಿಡು, ಇಲ್ಲಾಂದ್ರ ಇದರಿಂದನ ಹೊಸ ಜಡ್ಡು ಬಂತು ಅಂತ ಬಿಟ್ಟಾರು.

ತುಂಗೆ_ಮಗಳು:
ಹೇಳಿದೀನಿ ಅಣ್ಣ. ಈಗ ಅಮ್ಮ ದಿನಾ ಬೆಳಿಗ್ಗೆ ಹಂಡೆ ಒಲೆ ಹಚ್ಚೋ ಮುಂಚೆ ತೂಕ ನೋಡಿ ಅಡುಗೆಮನೆ ಕ್ಯಾಲೆಂಡರಲ್ಲಿ ತಾರೀಖಿನ ಪಕ್ಕ ತಾವೇ ಬರೀತಾರೆ. ಇವತ್ತು 60.8 ಅಂತ ಇದೆ. ಮುಂದಿನ ತಿಂಗಳು ಶೃಂಗೇರಿಯಲ್ಲಿ ಒಂದು ಉಪನಯನ ಇದೆ, ಹೋಗ್ಲೇಬೇಕಂತೆ, ಆ ದಿನ ನೀರಿನ ಮಾತ್ರೆ ಮನೆಗೆ ಬಂದ ಮೇಲೆ ನಾಲ್ಕು ಗಂಟೆಗೆ ತಗೋಬಹುದಾ ಅಂತ ಡಾಕ್ಟರನ್ನ ತಾವೇ ಕೇಳಿದ್ರು, ಅವರು ಆಗ್ಲಿ ಅಂದಿದಾರೆ. ಮುಂದಿನ ಎನ್‌ಟಿ-ಪ್ರೋಬಿಎನ್‌ಪಿ ಮೂರು ತಿಂಗಳಿಗೆ, ಅದೇ ಲ್ಯಾಬಲ್ಲಿ. ಬಂದ ದಿನ ಇಲ್ಲೇ ಹಾಕ್ತೀನಿ, ಹೆಸರು ಯೂನಿಟ್ ಎಲ್ಲಾ ಸೇರಿಸಿ.